ಅವಸರದ ಊಟವೂ ಅನ್ನಧರ್ಮವೂ

ಊಟವನ್ನು ಶಾಂತಚಿತ್ತದಿಂದ ಮಾಡತಕ್ಕದ್ದು, ಅವಸರದಲ್ಲಿ ಉಂಡ ಅನ್ನವು ದೇಹಕ್ಕೂ ಹತ್ತದು, ಮನಸ್ಸಿಗೂ ಹತ್ತದು ಎಂಬುದು ಬಲ್ಲವರ ಮಾತು. ಕೈಕಾಲು ತೊಳೆದು, ಎಲೆಯ ಮುಂದೆ ಕುಳಿತು, ಪರಿಷೇಚನ ಮಾಡಿ, ಪಂಕ್ತಿಯವರೆಲ್ಲರೂ ಉಂಡು ಮುಗಿಸುವ ತನಕ ಏಳದೆ ಇರುವುದೇ ಸಭ್ಯತೆಯ ಲಕ್ಷಣವೆಂದೆಣಿಸಿದ ಮನೆಗಳಲ್ಲಿ ಬೆಳೆದವರುಂಟು. ಹತ್ತು ನಿಮಿಷದೊಳಗೆ, ಒಬ್ಬಂಟಿಯಾಗಿ, ಯಾರೊಡನೆಯೂ ಮಾತಾಡದೆ ಉಂಡು ಎದ್ದುಹೋಗುವ ಮನುಷ್ಯನನ್ನು ಕಂಡರೆ ಅಂತಹವರಿಗೆ ಕನಿಕರವೋ ಜುಗುಪ್ಸೆಯೋ ಹುಟ್ಟುವುದು ಸಹಜ. ಆದರೆ ಸಹಜವಾಗಿ ಹುಟ್ಟಿದ ಭಾವವೆಲ್ಲವೂ ವಿಚಾರದ ಒರೆಗಲ್ಲಿನ ಮುಂದೆ ನಿಲ್ಲುವುದೆಂದು ಹೇಳಲಾಗದು. ಅವಸರದ ಊಟವು ಅನ್ನಕ್ಕೆ ಮಾಡಿದ ಅಪಚಾರವೇ? ಅಥವಾ ಅವಸರದಲ್ಲಿಯೂ ಒಂದು ಧರ್ಮವುಂಟೇ? ಈ ಪ್ರಶ್ನೆಯನ್ನು ಬಗೆಹರಿಸುವುದಕ್ಕೆ ಟೋಕಿಯೋ ನಗರದ ಒಂದು ಬಗೆಯ ಊಟದಂಗಡಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು.

ಶಿಂಬಾಶಿ ಎಂಬುದು ಆ ನಗರದ ನಡುಭಾಗದಲ್ಲಿರುವ ಕಚೇರಿಗಳ ಪೇಟೆ. ೧೮೭೨ರಲ್ಲಿ ಜಪಾನು ದೇಶದ ಮೊಟ್ಟಮೊದಲನೆಯ ರೈಲುದಾರಿಯು ಈ ಹೆಸರಿನ ನಿಲ್ದಾಣದಿಂದಲೇ ಯೊಕೊಹಾಮಾ ಬಂದರಿಗೆ ಹೊರಟಿತು. ಇಂದು ಅಲ್ಲಿನ ಬೀದಿಗಳು ಗುಮಾಸ್ತರಿಂದಲೂ ಸಣ್ಣಪುಟ್ಟ ಅಧಿಕಾರಿಗಳಿಂದಲೂ ತುಂಬಿರುವುವು. ವಾರದ ದಿನಗಳಲ್ಲಿ ಗಡಿಯಾರವು ಹನ್ನೆರಡು ತೋರಿಸುತ್ತಲೇ ಎತ್ತರವಾದ ಕಟ್ಟಡಗಳ ಬಾಗಿಲುಗಳಿಂದ ಜನವು ಒಮ್ಮೆಗೇ ಹೊರಬೀಳುವುದು. ಹೀಗೆ ಎಲ್ಲರೂ ಒಂದೇ ಗಳಿಗೆಯಲ್ಲಿ ಹೊರಬರುವುದಕ್ಕೆ ಹಸಿವೊಂದೇ ಕಾರಣವಲ್ಲ, ಶಾಸನವೂ ಕಾರಣ. ಆ ದೇಶದಲ್ಲಿ ೧೯೪೭ರಲ್ಲಿ ವಿಧಿಸಿದ ಕಾರ್ಮಿಕ ಶಾಸನದ ೩೪ನೆಯ ವಿಧಿಯಂತೆ, ದಿನಕ್ಕೆ ೬ ಗಂಟೆಗೆ ಮೀರಿ ದುಡಿಯುವವನಿಗೆ ನಡುವೆ ೪೫ ನಿಮಿಷವಾದರೂ, ೮ ಗಂಟೆಗೆ ಮೀರಿ ದುಡಿಯುವವನಿಗೆ ೧ ಗಂಟೆಯಾದರೂ ಬಿಡುವು ಕೊಡತಕ್ಕದ್ದು. ಆ ಬಿಡುವನ್ನು ಎಲ್ಲರಿಗೂ ಏಕಕಾಲದಲ್ಲಿ ಕೊಡಬೇಕೆಂಬುದು ಸಾಮಾನ್ಯ ನಿಯಮ. ಕೆಲವು ಉದ್ಯೋಗಗಳಿಗೆ ಮಾತ್ರ ಇದರಿಂದ ವಿನಾಯಿತಿಯುಂಟು. ಆದುದರಿಂದ ಒಂದು ಪೇಟೆಯ ಹಸಿವೆಲ್ಲವೂ ಒಂದು ಗಂಟೆಯೊಳಗೆ ಅಡಕವಾಗುವುದು. ಅಂಗಡಿಗಳಲ್ಲಿಯಾದರೋ ಕುಳಿತುಕೊಳ್ಳುವ ಪೀಠಗಳು ಎಂಟೋ ಹತ್ತೋ ಇರುವುವು. ಬಾಗಿಲಿನ ಹೊರಗೆ ಜನರು ಸಾಲುಗಟ್ಟಿ ನಿಲ್ಲುವರು.

ಈ ಅಂಗಡಿಗಳಲ್ಲಿ ಸಿಕ್ಕುವ ಆಹಾರಕ್ಕೆ ರಾಮೆನ್ ಎಂದು ಹೆಸರು. ಅದು ಕುದಿಯುವ ಸಾರಿನಲ್ಲಿ ಇಳಿಬಿಟ್ಟ ಗೋಧಿಯ ಶಾವಿಗೆ. ಮೂಲದಲ್ಲಿ ಇದು ಚೀನೀಯರ ಅಡಿಗೆ. ೧೯೧೦ರಲ್ಲಿ, ಮೊದಲು ಸುಂಕದ ಇಲಾಖೆಯಲ್ಲಿದ್ದ ಒಜಾಕಿ ಕನ್‌ಇಚಿ ಎಂಬುವನು ಯೊಕೊಹಾಮಾದ ಚೀನೀ ಕೇರಿಯಿಂದ ಅಡಿಗೆಯವರನ್ನು ಕರೆತಂದು, ಟೋಕಿಯೋದ ಅಸಾಕುಸಾ ಎಂಬಲ್ಲಿ ರೈರೈಕೆನ್ ಎಂಬ ಅಂಗಡಿಯನ್ನಿಟ್ಟನು. ಇದು ಜನಸಾಮಾನ್ಯರ ಊಟವಾಗಿ ಹರಡಿದುದಕ್ಕೆ ಅದೇ ದೊಡ್ಡ ಪ್ರಾರಂಭವೆನ್ನುವರು. ಎರಡನೆಯ ಮಹಾಯುದ್ಧವು ೧೯೪೫ರಲ್ಲಿ ಮುಗಿದಾಗ ಅಕ್ಕಿಗೆ ಬರವುಂಟಾಯಿತು. ಅಮೆರಿಕದಿಂದ ಗೋಧಿ ಬಂದಿತು. ಸುಟ್ಟುಹೋದ ಪಟ್ಟಣಗಳ ಬೀದಿಗಳಲ್ಲಿ ತಳ್ಳುಗಾಡಿಗಳ ಮೇಲೆ ಈ ಶಾವಿಗೆಯ ಬೋಗುಣಿಯು ಹಸಿದವರ ಪ್ರಾಣವನ್ನುಳಿಸಿತು. ೧೯೫೮ರಲ್ಲಿ ಆಂಡೋ ಮೊಮೊಫುಕು ಎಂಬುವನು ಬಿಸಿನೀರು ಹೊಯ್ದರೆ ಸಾಕು, ಸಿದ್ಧವಾಗುವ ಶಾವಿಗೆಯನ್ನು ಕಂಡುಹಿಡಿದನು. ಅದು ಲೋಕವನ್ನೆಲ್ಲ ಸುತ್ತಿತು. ಹೀಗೆ ಬಡತನದಲ್ಲಿ ಬೆಳೆದ ಅಡಿಗೆಯೇ ಇಂದು ಕಚೇರಿಯವರ ಮಧ್ಯಾಹ್ನದ ಊಟವಾಗಿದೆ. ಅದರ ಸಾರನ್ನು ಬಹುಮಟ್ಟಿಗೆ ಹಂದಿ ಕೋಳಿಗಳ ಎಲುಬಿನಿಂದ ಇಳಿಸುವರು. ಮಾಂಸಾಹಾರದ ಯುಕ್ತಾಯುಕ್ತತೆಯು ಬೇರೊಂದು ವಿಚಾರ. ಪ್ರಕೃತ ಪ್ರಶ್ನೆಯು ಉಣ್ಣುವ ಪದಾರ್ಥವನ್ನು ಕುರಿತುದಲ್ಲ, ಉಣ್ಣುವ ರೀತಿಯನ್ನು ಕುರಿತುದು.

ಅಂಗಡಿಯ ಕ್ರಮವು ಹೀಗಿದೆ. ಬಾಗಿಲಿನ ಬಳಿ ಒಂದು ಯಂತ್ರವಿರುವುದು. ಗಿರಾಕಿಯು ಅದರಲ್ಲಿ ಹಣವಿಕ್ಕಿ ಬೇಕಾದ ಗುಂಡಿಯನ್ನೊತ್ತಿದರೆ ಚೀಟಿಯು ಹೊರಬೀಳುವುದು. ಚೀಟಿಯನ್ನು ಅಡಿಗೆಯವನ ಮುಂದಿನ ಉದ್ದನೆಯ ಹಲಗೆಯ ಮೇಲಿಟ್ಟು ಕುಳಿತರೆ ಸಾಕು. ಹೇಳತಕ್ಕದ್ದೂ ಕೇಳತಕ್ಕದ್ದೂ ಏನೂ ಉಳಿಯುವುದಿಲ್ಲ. ಅಡಿಗೆಯವನು ಬೋಗುಣಿಯ ತಳಕ್ಕೆ, ಹುದುಗಿಸಿದ ಸೋಯಾ ಕಾಳಿನ ಉಪ್ಪುರಸವನ್ನೋ ಮತ್ತಾವುದಾದರೂ ಸಾರವನ್ನೋ ಹಾಕಿ, ಹಲವು ಗಂಟೆಗಳ ಕಾಲ ಕುದಿಸಿಟ್ಟ ಸಾರನ್ನು ಅದರ ಮೇಲೆ ಹೊಯ್ಯುವನು. ಎರಡು ಮೂರು ನಿಮಿಷ ಬೆಂದ ಶಾವಿಗೆಯ ನೀರನ್ನು ಝಾಡಿಸಿ ಅದರೊಳಗಿಳಿಸುವನು. ಮೇಲೆ ಒಂದಿಷ್ಟು ಕಳಲೆ, ಈರುಳ್ಳಿಯ ಸೊಪ್ಪು, ಮಾಂಸದ ತುಣುಕುಗಳನ್ನು ಜೋಡಿಸಿ ಮುಂದಿಡುವನು. ಗಿರಾಕಿಯು ತಲೆಬಗ್ಗಿಸಿ ಸೊರ್ರೆಂದು ಶಬ್ದಮಾಡುತ್ತ ಉಂಡು ಏಳುವನು. ಬಾಗಿಲಲ್ಲಿ ನಿಂತವನು ಒಳಗೆ ಬರುವನು. ಒಂದು ಪೀಠವು ಒಂದು ಗಂಟೆಯಲ್ಲಿ ನಾಲ್ಕೈದು ಮಂದಿಗೆ ಊಟ ಮಾಡಿಸುವುದು.

ಇದರ ಮೇಲೆ ಹೊರಿಸುವ ಆಕ್ಷೇಪಣೆಗಳು ಮುಖ್ಯವಾಗಿ ಮೂರು. ಊಟವನ್ನು ಅವಸರದಿಂದ ಮುಗಿಸುವುದು ಅನ್ನಕ್ಕೆ ಅನಾದರವೆಂಬುದು ಮೊದಲನೆಯದು. ಜತೆಯಿಲ್ಲದೆ ಮಾತಿಲ್ಲದೆ ಉಣ್ಣುವುದು ಮನುಷ್ಯತ್ವಕ್ಕೆ ಕುಂದೆಂಬುದು ಎರಡನೆಯದು. ಯಂತ್ರಕ್ಕೆ ಹಣವನ್ನು ಕೊಟ್ಟು ಅನ್ನವನ್ನು ಪಡೆದವನಿಗೆ ಅನ್ನದಾತನೆಂಬುವನೇ ಇಲ್ಲವಾಗುವನು, ಕೃತಜ್ಞತೆಯು ಬೇರುಸಹಿತ ಒಣಗಿಹೋಗುವುದು ಎಂಬುದು ಮೂರನೆಯದು. ಇವು ಹುರುಳಿಲ್ಲದ ಆಕ್ಷೇಪಣೆಗಳಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ಪರಿಶೀಲಿಸಬೇಕು.

ಮೊದಲು ಅವಸರದ ಮಾತು. ಅವಸರವೆಂಬುದು ಒಂದೇ ಹೆಸರಿನಿಂದ ಕರೆಯಲ್ಪಟ್ಟರೂ ಅದರಲ್ಲಿ ಮೂರು ಜಾತಿಗಳುಂಟು. ಒಂದು ಪದಾರ್ಥದ ಅವಸರ. ಎರಡನೆಯದು ಪರರಿಗಾಗಿ ಮಾಡುವ ಅವಸರ. ಮೂರನೆಯದು ಯಜಮಾನನು ಹೇರಿದ ಅವಸರ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದರಿಂದಲೇ ವಿಚಾರವು ಗೊಂದಲಕ್ಕೀಡಾಗಿರುವುದು.

ಪದಾರ್ಥದ ಅವಸರವೆಂದರೆ ಅಡಿಗೆಯ ಸ್ವಭಾವದಿಂದಲೇ ಬಂದುದು. ರಾಮೆನ್ ಶಾವಿಗೆಯ ಹಿಟ್ಟಿಗೆ ಕನ್ಸುಯಿ ಎಂಬ ಕ್ಷಾರಜಲವನ್ನು ಸೇರಿಸಿ ನಾದುವರು. ಅದರಿಂದಲೇ ಆ ಎಳೆಗಳಿಗೆ ಹಳದಿಯ ಛಾಯೆಯೂ ಹಲ್ಲಿಗೆ ಎದುರು ನಿಲ್ಲುವ ಬಿಗಿಯೂ ಬರುವುವು. ಆದರೆ ಬಿಸಿಸಾರಿನಲ್ಲಿಳಿದ ಮೇಲೆ ಆ ಬಿಗಿಯು ಬಹಳ ಹೊತ್ತು ನಿಲ್ಲದು. ಎಳೆಗಳು ನೀರು ಕುಡಿದು ಮೆತ್ತಗಾಗುವುವು. ಫುಕುಓಕ ನಗರದ ನಾಗಹಾಮ ಮೀನುಸಂತೆಯಲ್ಲಿ ಕೆಲಸದವರಿಗೆ ಬಿಡುವೇ ಇಲ್ಲದ್ದರಿಂದ, ಬೇಗನೆ ಬೇಯಲೆಂದು ಶಾವಿಗೆಯನ್ನು ಬಹು ತೆಳ್ಳಗೆ ಮಾಡಿದರು. ತೆಳ್ಳಗಾದುದು ಬೇಗನೆ ಮೆತ್ತಗೂ ಆಗುವುದಷ್ಟೆ. ಅದಕ್ಕಾಗಿ ಮೊದಲು ಸ್ವಲ್ಪವೇ ಬಡಿಸಿ, ಸಾರು ಉಳಿದಿರುವಾಗ ಕೇಳಿದವರಿಗೆ ಮತ್ತೊಂದು ಹಿಡಿ ಶಾವಿಗೆಯನ್ನು ಹಾಕುವ 'ಕಾಯೆದಾಮ' ಎಂಬ ಪದ್ಧತಿಯು ಅಲ್ಲಿ ಹುಟ್ಟಿತು. ಇಂತಹ ಊಟವನ್ನು ಮುಂದಿಟ್ಟುಕೊಂಡು ಹರಟುತ್ತ ಕುಳಿತವನು ಅನ್ನವನ್ನು ಗೌರವಿಸಿದಂತಾಗುವುದೇ? ಬೆಳಗಿನ ಜಾವದಿಂದ ಬೆವರಿಳಿಸಿ ಅಡಿಗೆಯವನು ತಂದ ಹದವನ್ನು ಅವನು ತನ್ನ ಸೋಮಾರಿತನದಿಂದ ಕೆಡಿಸಿದನೆಂದೇ ಹೇಳಬೇಕು. ಬಿಸಿಬಿಸಿ ದೋಸೆಯನ್ನು ಮುಂದಿಟ್ಟ ಗೃಹಿಣಿಯು "ಆರಿಹೋಗುತ್ತದೆ, ಮೊದಲು ತಿನ್ನಿ" ಎನ್ನುವಾಗ ಅವಳ ಮಾತಿನಲ್ಲಿರುವುದು ಅವಸರವಲ್ಲ, ಅನ್ನದ ಮೇಲಿನ ಆದರ. ಆದುದರಿಂದ ಪದಾರ್ಥದ ಅವಸರವು ದೋಷವಲ್ಲ; ಅದನ್ನು ಅರಿತು ನಡೆಯುವುದು ಉಚಿತಜ್ಞತೆ.

ಎರಡನೆಯದು ಪರರಿಗಾಗಿ ಮಾಡುವ ಅವಸರ. ಹೊರಗೆ ನಿಂತವನಿಗೂ ಒಳಗೆ ಕುಳಿತವನಿಗೂ ದೊರೆತಿರುವುದು ಒಂದೇ ಗಂಟೆ. ಒಳಗಿನವನು ಪೀಠದ ಮೇಲೆ ಕಳೆದ ಒಂದೊಂದು ನಿಮಿಷವೂ ಹೊರಗಿನವನ ಬಿಡುವಿನಿಂದ ಕಳೆದುಹೋಗುವುದು. ಅವನ ಹೆಸರಾಗಲಿ ಊರಾಗಲಿ ಇವನಿಗೆ ತಿಳಿಯದು. ಅವನ ಹಸಿವು ಮಾತ್ರ ತಿಳಿದಿದೆ, ಏಕೆಂದರೆ ಹತ್ತು ನಿಮಿಷದ ಹಿಂದೆ ಇವನೂ ಅಲ್ಲಿಯೇ ನಿಂತಿದ್ದನು. ಇದನ್ನು ನೆನೆದು ಉಂಡೊಡನೆ ಏಳುವವನು ಯಾರ ಬಲವಂತದಿಂದಲೂ ಏಳುವುದಿಲ್ಲ. ಪಂಕ್ತಿಭೋಜನದಲ್ಲಿ ನೆರೆಯವನು ಇನ್ನೂ ಉಣ್ಣುತ್ತಿರುವಾಗ ಏಳಬಾರದೆಂಬ ನಿಯಮವು ಏತಕ್ಕಾಗಿ ಹುಟ್ಟಿತು? ತಾನು ಎದ್ದರೆ ನೆರೆಯವನು ಸಂಕೋಚಪಟ್ಟು ಅರೆಹೊಟ್ಟೆಯಲ್ಲಿ ಏಳುವನೆಂಬ ದಾಕ್ಷಿಣ್ಯದಿಂದಲ್ಲವೇ? ಅಲ್ಲಿ ಇನ್ನೊಬ್ಬನ ಹಸಿವಿಗಾಗಿ ಕುಳಿತಿರುವುದು ಧರ್ಮವಾಯಿತು. ಇಲ್ಲಿ ಇನ್ನೊಬ್ಬನ ಹಸಿವಿಗಾಗಿ ಏಳುವುದು ಧರ್ಮವಾಯಿತು. ಆಚಾರಗಳು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎರಡಕ್ಕೂ ಬೇರು ಒಂದೇ. ಆಚಾರವನ್ನು ಮಾತ್ರ ಕಂಡು ಬೇರನ್ನು ಕಾಣದವನು ಪರದೇಶದವರನ್ನು ಅನಾಗರಿಕರೆಂದು ಹಳಿಯುವನು. ಬೇರನ್ನು ಕಂಡವನು ಹಳಿಯಲಾರನು.

ಇಲ್ಲಿ ಒಂದು ಸಂಕಟವು ತಲೆದೋರುವುದು. ಆ ಸಾಲಿನಲ್ಲಿ ನಿಂತು ಒಳಗೆ ಬಂದವನು ಒಬ್ಬ ವೃದ್ಧನಾಗಿದ್ದರೆ ಏನು ಗತಿ? ಹಲ್ಲು ಸಡಿಲವಾಗಿವೆ, ಕೈ ನಡುಗುವುದರಿಂದ ಊಟದ ಕಡ್ಡಿಗಳಿಂದ ಎಳೆಗಳು ಜಾರುವುವು. ಅವನಿಗೆ ಇಪ್ಪತ್ತೈದು ನಿಮಿಷ ಬೇಕು. ಹೊರಗೆ ನಿಂತವರು ಗಡಿಯಾರ ನೋಡುವರು. ಪಕ್ಕದವರು ಎದ್ದುಹೋಗಿ ಹೊಸಬರು ಬಂದು ಅವರೂ ಎದ್ದುಹೋಗುವರು. ವೃದ್ಧನಿಗೆ ಬೆನ್ನಿನ ಮೇಲೆ ಹತ್ತು ಕಣ್ಣುಗಳು ನೆಟ್ಟಂತಾಗುವುದು. ಪರರಿಗಾಗಿ ಬೇಗ ಏಳುವುದು ಧರ್ಮವಾದರೆ, ಈ ವೃದ್ಧನು ಅಧರ್ಮಿಯಾದನೇ? ನಡುಹಗಲಿನಲ್ಲಿ ಇಲ್ಲಿಗೆ ಬರುವ ಅಧಿಕಾರವೇ ಅವನಿಗಿಲ್ಲವೇ?

ಹಾಗೆ ಹೇಳುವುದು ಕ್ರೌರ್ಯವಾಗುವುದು. ಇದಕ್ಕೆ ಸಮಾಧಾನವೇನೆಂದರೆ, ಆ ಪೀಠವು ಉಣ್ಣುವವನದು, ಉಂಡವನದಲ್ಲ. ಇಪ್ಪತ್ತೈದು ನಿಮಿಷವೂ ಉಣ್ಣುತ್ತಲೇ ಇರುವ ವೃದ್ಧನು ತನ್ನ ಪಾಲಿಗಿಂತ ಹೆಚ್ಚೇನನ್ನೂ ತೆಗೆದುಕೊಳ್ಳಲಿಲ್ಲ. ಎಂಟು ನಿಮಿಷದಲ್ಲಿ ಉಂಡು ಮುಗಿಸಿ, ಬರಿದಾದ ಬೋಗುಣಿಯ ಮುಂದೆ ಕುಳಿತು ಕೈಯಲ್ಲಿನ ದೂರವಾಣಿಯಲ್ಲಿ ಚಿತ್ರಗಳನ್ನು ನೋಡುತ್ತ ಮತ್ತೆ ನಾಲ್ಕು ನಿಮಿಷ ಕಳೆಯುವ ತರುಣನು, ಗಡಿಯಾರದ ಲೆಕ್ಕದಲ್ಲಿ ಬೇಗನೆ ಎದ್ದಂತಾದರೂ, ನಾಲ್ಕು ನಿಮಿಷವನ್ನು ಅಪಹರಿಸಿದವನಾದನು. ದಾಕ್ಷಿಣ್ಯದ ಅಳತೆಯನ್ನು ಗಡಿಯಾರದಿಂದ ಮಾಡತಕ್ಕುದಲ್ಲ. ಒಬ್ಬೊಬ್ಬನ ಶಕ್ತಿಯಿಂದ ಮಾಡತಕ್ಕುದು. ಮತ್ತೊಂದು ಮಾತು: ಬೇಗನೆ ಏಳುವುದು ಕುಳಿತವನು ತಾನಾಗಿ ಕೊಡುವ ದಾನ, ನಿಂತವನು ಕೇಳಿ ವಸೂಲುಮಾಡುವ ಸಾಲವಲ್ಲ. ದಾನವನ್ನು ಸಾಲವೆಂದು ತಿಳಿದು ಬೆನ್ನನ್ನು ದುರುಗುಟ್ಟಿಕೊಂಡು ನೋಡುವ ಕ್ಷಣದಲ್ಲಿಯೇ ಸಾಲಿನಲ್ಲಿ ನಿಂತವನು ಧರ್ಮಭ್ರಷ್ಟನಾಗುವನು. ಕುಳಿತವನಿಗೆ ತ್ವರೆಯು ಗುಣವಾದರೆ ನಿಂತವನಿಗೆ ತಾಳ್ಮೆಯು ಗುಣ. ಇವೆರಡರಲ್ಲಿ ಒಂದು ಲೋಪವಾದರೂ ಅಂಗಡಿಯು ಊಟದ ಮನೆಯಾಗಿ ಉಳಿಯದೆ ಜನರನ್ನು ತುಂಬಿ ಹೊರಚೆಲ್ಲುವ ಯಂತ್ರವಾಗುವುದು.

ಮೂರನೆಯದು ಯಜಮಾನನು ಹೇರಿದ ಅವಸರ. ಇದನ್ನು ಯಾವ ರೀತಿಯಿಂದಲೂ ಸಮರ್ಥಿಸಲಾಗದು. ಮೇಲೆ ಹೇಳಿದ ಶಾಸನವು, ಬಿಡುವಿನ ಕಾಲವನ್ನು ಕೆಲಸಗಾರನು ತನ್ನಿಚ್ಛೆಯಂತೆ ಬಳಸಲು ಬಿಡಬೇಕೆಂದೂ ವಿಧಿಸಿದೆ. ಆದರೆ ಶಾಸನವು ಕೊಟ್ಟುದನ್ನು ಕಚೇರಿಯ ಕಟ್ಟಲೆಗಳು ಕಸಿದುಕೊಳ್ಳುವುದುಂಟು. ಮೇಲಧಿಕಾರಿಯು ಹನ್ನೆರಡೂವರೆಗೇ ತನ್ನ ಮೇಜಿಗೆ ಮರಳುವುದನ್ನು ಕಂಡ ಕೆಳಗಿನವನಿಗೆ, ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಒಂದು ಗಂಟೆಯವರೆಗೆ ಹೊರಗಿರಲು ಧೈರ್ಯ ಸಾಲದು. ಅತಿಯಾದ ದುಡಿಮೆಯಿಂದ ಸಂಭವಿಸುವ ಮರಣಕ್ಕೆ 'ಕರೋಶಿ' ಎಂಬ ಹೆಸರನ್ನೇ ಆ ದೇಶದವರು ಇಡಬೇಕಾಯಿತು. ಅದನ್ನು ತಡೆಯುವ ಸಲುವಾಗಿ ೨೦೧೪ರಲ್ಲಿ ಒಂದು ಶಾಸನವನ್ನೇ ಮಾಡಬೇಕಾಯಿತು. ಹತ್ತು ನಿಮಿಷದಲ್ಲಿ ಉಂಡವನು ಮಿಕ್ಕ ಐವತ್ತು ನಿಮಿಷವನ್ನು ಏನು ಮಾಡುವನೆಂಬುದರ ಮೇಲೆ ಅವನ ಅವಸರದ ಬೆಲೆಯು ನಿಂತಿದೆ. ಅವನು ಮರದ ನೆರಳಿನಲ್ಲಿ ನಡೆದಾಡಿದರೆ, ಮನೆಯ ತಾಯಿಗೆ ಒಂದು ಕಾಗದ ಬರೆದರೆ, ಇಲ್ಲವೆ ಕಣ್ಣುಮುಚ್ಚಿ ಸುಮ್ಮನೆ ಕುಳಿತರೆ, ಬೇಗನೆ ಉಂಡುದರಿಂದ ಅವನು ತನ್ನ ಕಾಲವನ್ನು ಗಳಿಸಿಕೊಂಡನು. ಆ ಐವತ್ತು ನಿಮಿಷವೂ ಕಡತಗಳ ಪಾಲಾದರೆ ಅವನ ಊಟವನ್ನು ಕಚೇರಿಯೇ ಉಂಡಿತೆಂದು ತಿಳಿಯಬೇಕು. ಆ ದೋಷವು ಬೋಗುಣಿಯದಲ್ಲ, ಅಡಿಗೆಯವನದಲ್ಲ, ಉಣ್ಣುವವನದೂ ಅಲ್ಲ. ಹಸಿದವನನ್ನು ಅವಸರಪಡಿಸಿದವನದು.

ಇನ್ನು ಏಕಾಂತದ ಮಾತು. ಜತೆಗೂಡಿ ಉಣ್ಣುವುದು ಸಂತೋಷವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೌನವಾಗಿ ಉಣ್ಣುವುದು ಅನ್ನಕ್ಕೆ ಅಗೌರವವೆಂದು ಹೇಳುವುದು ಸಲ್ಲದು. ಜಪಾನಿನ ಜೆನ್ ಬೌದ್ಧಮಠಗಳಲ್ಲಿ ಸನ್ಯಾಸಿಗಳು ಮಾತಿಲ್ಲದೆಯೇ ಉಣ್ಣುವರು. ತುತ್ತೆತ್ತುವ ಮೊದಲು, ಈ ಅನ್ನವು ಎಲ್ಲಿಂದ ಬಂದಿತು, ಎಷ್ಟು ಮಂದಿಯ ದುಡಿಮೆಯಿಂದ ಬಂದಿತು, ಇದಕ್ಕೆ ತಾನು ಯೋಗ್ಯನೇ ಎಂದು ಚಿಂತಿಸುವರು. ಆ ಪಂಥದ ಆಚಾರ್ಯನಾದ ದೋಗೆನ್ ೧೨೩೭ರಲ್ಲಿ ಮಠದ ಅಡಿಗೆಯವನಿಗಾಗಿಯೇ ಒಂದು ಗ್ರಂಥವನ್ನು ಬರೆದನು. ತಾನು ಚೀನಾ ದೇಶದಲ್ಲಿದ್ದಾಗ, ಸುಡುಬಿಸಿಲಿನಲ್ಲಿ ಅಣಬೆಗಳನ್ನು ಒಣಹಾಕುತ್ತಿದ್ದ ವೃದ್ಧ ಪಾಚಕಸನ್ಯಾಸಿಯೊಬ್ಬನನ್ನು ಕಂಡು, ಈ ಕೆಲಸವನ್ನು ಕಿರಿಯರಿಗೆ ವಹಿಸಬಾರದೇ ಎಂದು ಕೇಳಿದುದನ್ನೂ, ಇನ್ನೊಬ್ಬರು ಮಾಡಿದುದು ತಾನು ಮಾಡಿದಂತಾಗದೆಂಬ ಅರ್ಥದಲ್ಲಿ ಆ ವೃದ್ಧನು ಉತ್ತರವಿತ್ತುದನ್ನೂ ದೋಗೆನ್ ಅದರಲ್ಲಿ ಹೇಳಿಕೊಂಡಿದ್ದಾನೆ. ಅಡಿಗೆಯನ್ನು ತಪಸ್ಸೆಂದು ತಿಳಿದ ಪರಂಪರೆಯು ಮೌನವನ್ನು ಊಟದ ಶತ್ರುವೆಂದು ಎಣಿಸಲಿಲ್ಲ. ಶಿಂಬಾಶಿಯ ಗುಮಾಸ್ತನು ಸನ್ಯಾಸಿಯಲ್ಲ, ನಿಜ. ಆದರೆ ಬೆಳಗಿನಿಂದ ಹತ್ತಾರು ಮಂದಿಗೆ ಬಗ್ಗಿ ಉತ್ತರ ಹೇಳಿ ದಣಿದ ಬಾಯಿಗೆ, ಹತ್ತು ನಿಮಿಷ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲವೆಂಬುದೇ ಒಂದು ವಿಶ್ರಾಂತಿ. ಮನೆಯವರೊಡನೆ ಉಣ್ಣುವ ರಾತ್ರಿಯ ಊಟವನ್ನು ಕಚೇರಿಯು ಅವನಿಂದ ಕಸಿದುಕೊಂಡಿದ್ದರೆ ಅದಕ್ಕೆ ಮರುಗಬೇಕು. ಮಧ್ಯಾಹ್ನದ ಈ ಮೌನಕ್ಕಾಗಿ ಮರುಗಬೇಕಾದುದಿಲ್ಲ.

ಕೊನೆಯದು ಕೃತಜ್ಞತೆಯ ಮಾತು. ಎಲ್ಲಕ್ಕಿಂತ ಬಿಗಿಯಾದ ಗಂಟು ಇದೇ. ಚೀಟಿಯನ್ನು ಕೊಂಡವನ ಋಣವು ಹರಿಯಿತೇ? ವ್ಯಾಪಾರದ ನ್ಯಾಯದಂತೆ ಹರಿಯಿತು. ಆದರೆ ಜಪಾನೀಯರ ಭಾಷೆಯೇ ಈ ನ್ಯಾಯವನ್ನು ಪೂರ್ಣವಾಗಿ ಒಪ್ಪಿದಂತೆ ಕಾಣುವುದಿಲ್ಲ. ಊಟಕ್ಕೆ ಮೊದಲು ಅವರು 'ಇತದಾಕಿಮಾಸು' ಎನ್ನುವರು. ಈ ಪದದ ಮೂಲಾರ್ಥವು ತಲೆಯ ಮೇಲೆ ಹೊರುವುದು. ಅದರಿಂದ ವಿನಯಪೂರ್ವಕವಾಗಿ ಸ್ವೀಕರಿಸುವುದೆಂಬ ಅರ್ಥವು ಬಂದಿತು. ಕನ್ನಡದಲ್ಲಿ ಶಿರಸಾವಹಿಸುವುದೆಂಬ ಮಾತಿಗೆ ಇರುವ ಭಾವವೇ ಅದಕ್ಕೂ ಇದೆ. ಊಟವಾದ ಮೇಲೆ 'ಗೋಚಿಸೋಸಾಮ' ಎನ್ನುವರು. 'ಚಿಸೋ' ಎಂದರೆ ಓಡಾಟ. ಒಬ್ಬನ ಊಟಕ್ಕಾಗಿ ಇನ್ನೊಬ್ಬನು ಅತ್ತಿತ್ತ ಓಡಾಡಿ ಪಟ್ಟ ಶ್ರಮವನ್ನು ಆ ಮಾತು ನೆನೆಯುವುದು. "ಅನ್ನದಾತಾ ಸುಖೀ ಭವ" ಎಂದು ಎಲೆಯಿಂದೇಳುವವರಿಗೆ ಇದರ ತಾತ್ಪರ್ಯವನ್ನು ವಿವರಿಸಬೇಕಾಗಿಲ್ಲ. ಸೋಜಿಗವೇನೆಂದರೆ, ಹಣ ಕೊಟ್ಟು ಉಂಡ ಅಂಗಡಿಯಲ್ಲಿಯೂ ಅನೇಕರು ಈ ಮಾತನ್ನಾಡಿಯೇ ಹೊರಡುವರು. ಬೆಲೆಯು ಪದಾರ್ಥಕ್ಕೆ ಸಲ್ಲುವುದು, ಶ್ರದ್ಧೆಗೆ ಬೆಲೆಯಿಲ್ಲ. ಯಂತ್ರದಲ್ಲಿ ಬಿದ್ದ ನಾಣ್ಯವು ಶಾವಿಗೆಗೂ ಸಾರಿಗೂ ಸರಿಹೋಯಿತು. ಹದ ತಪ್ಪದಂತೆ ನೋಡಿಕೊಂಡ ಕಣ್ಣಿಗೆ ಯಾವ ಗುಂಡಿಯನ್ನೊತ್ತಿ ಹಣ ಕೊಡಬೇಕು?

ಪದಾರ್ಥದ ಬೆಲೆಯಾದರೂ ಸರಿಯಾಗಿ ಸಲ್ಲುತ್ತಿದೆಯೇ ಎಂಬುದನ್ನೂ ಕೇಳಬೇಕು. ಒಂದು ಬೋಗುಣಿಗೆ ೧೦೦೦ ಯೆನ್ನಿಗಿಂತ ಹೆಚ್ಚು ಕೇಳಿದರೆ ಗಿರಾಕಿಯು ಬರಲಾರನೆಂಬ ಭಯವು ಅಲ್ಲಿನ ಅಂಗಡಿಯವರಲ್ಲಿ ಬಹುಕಾಲದಿಂದ ನೆಲೆಸಿದೆ. ಅದನ್ನು 'ಸಾವಿರ ಯೆನ್ನಿನ ಗೋಡೆ' ಎಂದೇ ಕರೆಯುವರು. ೨೦೨೨ರಿಂದೀಚೆಗೆ ಗೋಧಿ, ಮಾಂಸ, ಇಂಧನಗಳ ಬೆಲೆಗಳು ಏರಿದರೂ, ಗೋಡೆಯನ್ನು ದಾಟಲು ಅಂಜಿ ನಷ್ಟವನ್ನು ತಾವೇ ಹೊತ್ತು, ಕಡೆಗೆ ಬಾಗಿಲು ಮುಚ್ಚಿದ ಸಣ್ಣ ಅಂಗಡಿಗಳು ಎಷ್ಟೋ. ಎಲ್ಲರಿಗೂ ಏಕಕಾಲದಲ್ಲಿ ಬಿಡುವೆಂಬ ನಿಯಮದಿಂದ ಊಟದಂಗಡಿಗಳಿಗೆ ವಿನಾಯಿತಿಯಿದೆ; ಊರೆಲ್ಲ ಉಣ್ಣುವ ಗಳಿಗೆಯಲ್ಲಿ ಉಣ್ಣದಿರುವವನು ಉಣಬಡಿಸುವವನೊಬ್ಬನೇ. ಹಾಗೆಂದು ಗುಮಾಸ್ತನ ಮೇಲೆಯೇ ತಪ್ಪನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಅವನ ಸಂಬಳವೂ ಅಳತೆಯದು. ಮನೆಯಲ್ಲಿ ಮಕ್ಕಳ ಶಾಲೆಯ ವೆಚ್ಚವುಂಟು. ಮಕ್ಕಳ ಪಾಲನ್ನು ಕಡಿಮೆಮಾಡಿ ಹೆಚ್ಚು ಕೊಡೆಂದು ಯಾವ ಧರ್ಮವೂ ಅವನಿಗೆ ಹೇಳಲಾರದು. ಹೇಳಬಹುದಾದುದು ಇಷ್ಟೇ: ಬೆಲೆಯು ನೂರು ಯೆನ್ನು ಏರಿದ ದಿನ ಅಂಗಡಿಯವನನ್ನು ಕಳ್ಳನೆನ್ನದಿರಲಿ, ಬಡಿಸಿದುದನ್ನು ಚೆಲ್ಲದಿರಲಿ, ಬೋಗುಣಿಯ ಹಿಂದೆ ಒಬ್ಬ ಮನುಷ್ಯನಿರುವನೆಂಬುದನ್ನು ಮರೆಯದಿರಲಿ. ಅನ್ನವನ್ನು ನಿಂದಿಸಬಾರದೆಂದು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು ವ್ರತವಾಗಿ ವಿಧಿಸಿರುವುದನ್ನು ವಾಚಕರು ಬಲ್ಲರು. ಅನ್ನವನ್ನು ನಿಂದಿಸದಿರುವುದೆಂದರೆ ಅದನ್ನು ಬೇಯಿಸಿದವನನ್ನು ಹಗುರವಾಗಿ ಕಾಣದಿರುವುದೂ ಹೌದು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಊಟದ ಗೌರವವು ಅದಕ್ಕೆ ಕೊಟ್ಟ ನಿಮಿಷಗಳ ಸಂಖ್ಯೆಯಲ್ಲಿಲ್ಲ. ಎರಡು ಗಂಟೆ ಕುಳಿತು ಪಕ್ಕದವರ ನಿಂದೆಯನ್ನು ನಂಜಿಕೊಂಡು ಉಣ್ಣುವವರುಂಟು. ಹತ್ತು ನಿಮಿಷದಲ್ಲಿ ಅನ್ನವನ್ನೂ ಅಡಿಗೆಯವನನ್ನೂ ಬಾಗಿಲಲ್ಲಿ ನಿಂತವನನ್ನೂ ನೆನೆದು ಉಂಡೇಳುವವರೂ ಉಂಟು. ಉಣ್ಣುವವನು ತಾನಾಗಿ ಅವಸರಪಟ್ಟರೆ ಅದು ದಾಕ್ಷಿಣ್ಯ. ಇನ್ನೊಬ್ಬನು ಅವನನ್ನು ಅವಸರಪಡಿಸಿದರೆ ಅದು ಹಿಂಸೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ರೀತಿಯಾಗಿ ಕಾಣುವುವಾದುದರಿಂದ, ಬೇಗನೆ ಉಣ್ಣುವ ಮನುಷ್ಯನನ್ನು ಕಂಡೊಡನೆ ತೀರ್ಪುಕೊಡಲು ಬೇಗಪಡುವುದೂ ಒಂದು ಅವಸರವೇ.

ಆ ಅಂಗಡಿಗಳಲ್ಲಿ ಒಂದು ಪದ್ಧತಿಯುಂಟು. ಉಂಡವನು ಏಳುವಾಗ ಬರಿದಾದ ಬೋಗುಣಿಯನ್ನು ತಾನೇ ಎತ್ತಿ, ಅಡಿಗೆಯವನ ಕೈಗೆಟಕುವಂತೆ ಮೇಲಿನ ಅಟ್ಟಣೆಯ ಮೇಲಿಡುವನು. ಅಲ್ಲಿರುವ ಬಟ್ಟೆಯಿಂದ ತನ್ನ ಮುಂದಿನ ಹಲಗೆಯನ್ನು ಒರಸುವನು. ಹೀಗೆ ಮಾಡಬೇಕೆಂದು ಚೀಟಿಯಲ್ಲಿ ಬರೆದಿರುವುದಿಲ್ಲ. ಮಾಡದಿದ್ದರೆ ಯಾರೂ ಕೇಳುವುದಿಲ್ಲ. ಬೋಗುಣಿಯನ್ನು ಎತ್ತಿಟ್ಟುದು ದುಡಿದವನಿಗಾಗಿ, ಹಲಗೆಯನ್ನು ಒರಸಿದುದು ಬರುವವನಿಗಾಗಿ. ಇದಕ್ಕೆ ಹಿಡಿಯುವ ಕಾಲವು ಅರ್ಧ ನಿಮಿಷ. ಅಷ್ಟನ್ನು ಉಳಿಸಿಕೊಂಡು ಉಣ್ಣಬಲ್ಲವನಿಗೆ ಅವಸರದ ದೋಷವು ತಟ್ಟಲಾರದು.